ಅಟ್ಟದ ಮೇಲಿನ ವರ್ಷ

ಹೋದ ವಾರ ಗುಬ್ಬಿ ಪಕ್ಕದ ಹಳ್ಳಿಯೊಂದರಲ್ಲಿ ಗಂಗಮ್ಮನವರ ಮನೆಯ ಅಟ್ಟ ಹತ್ತಿದೆ. ಏಣಿಯ ಕೊನೆಯ ಮೆಟ್ಟಿಲಿಗೆ ಕಾಲಿಟ್ಟು ತಲೆ ಒಳಗೆ ತೂರಿಸಿದ್ದೇ ತಡ, ಆ ವಾಸನೆ ಬಂದು ಮುಖಕ್ಕೆ ಬಡಿಯಿತು. ಒಣಗಿದ ತೆಂಗಿನಕಾಯಿ ಮಟ್ಟೆಯ ವಾಸನೆ, ಒಲೆಯ ಹೊಗೆ, ಅವೆರಡರ ಅಡಿಯಲ್ಲೆಲ್ಲೋ ಸಣ್ಣಗೆ ಎಣ್ಣೆಯ ಜಿಡ್ಡು. ಮೀಸೆ ಚಿಗುರುವ ಮುಂಚಿನಿಂದ ಈ ವಾಸನೆಯಲ್ಲೇ ದುಡಿದು ಉಂಡವನು ನಾನು. ಎಷ್ಟೋ ಮನೆಯ ಅಟ್ಟ ಹತ್ತಿ ಇಳಿದಿದ್ದೇನೆ. ಆದರೆ ಈ ಒಂದು ಅಟ್ಟಕ್ಕೆ ಬಂದಾಗ ಮಾತ್ರ, ದೇವಸ್ಥಾನದ ಹೊಸ್ತಿಲಲ್ಲಿ ನಿಂತ ಹಾಗೆ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ.

ಕೆಳಗಿನಿಂದ ಕರಿಯಣ್ಣ ಕೂಗಿದ. "ಲೇ ಮೂಡ್ಲಾ, ಇದೀಯೇನ್ಲಾ? ಹತ್ತಿದೋನು ಸದ್ದೇ ಇಲ್ವಲ್ಲ!"

ಕೂಗಲಿ ಬಿಡಿ. ಅವನಿಗೆ ಉತ್ತರ ಕೊಡುವ ಮುಂಚೆ ಆ ಒಂದು ವರ್ಷದ ಕತೆ ಹೇಳಿಬಿಡುತ್ತೇನೆ.

ನನ್ನ ಹೆಸರು ಮೂಡಲಗಿರಿಯಪ್ಪ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕೊಬ್ಬರಿ ಕೆಲಸಕ್ಕೆ ಸೇರಿದವನು. ನಮ್ಮ ಕಡೆ ಮರದಿಂದ ಇಳಿಸಿದ ಬಲಿತ ಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಏರಿಸುತ್ತಾರೆ. ಆಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಅದರ ತಂಟೆಗೆ ಯಾರೂ ಹೋಗುವಂತಿಲ್ಲ. ಕೆಳಗೆ ಒಲೆ ಉರಿಯುತ್ತದೆ. ಮನೆಯವರು ಉಣ್ಣುತ್ತಾರೆ, ಜಗಳ ಆಡುತ್ತಾರೆ, ಹಬ್ಬ ಮಾಡುತ್ತಾರೆ. ಮೇಲೆ ಕತ್ತಲಲ್ಲಿ ಕಾಯಿ ತನ್ನ ಪಾಡಿಗೆ ತಾನು ತನ್ನೊಳಗಿನ ನೀರನ್ನು ಕುಡಿಯುತ್ತಾ ಕೂತಿರುತ್ತದೆ. ಒಂದು ತೂತಿಲ್ಲ, ಒಂದು ಬಿರುಕಿಲ್ಲ. ಆ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದು ಇವತ್ತಿಗೂ ನನಗೆ ಸೋಜಿಗ. ಕೊನೆಗೊಂದು ದಿನ ಒಳಗಿನ ಕೊಬ್ಬರಿ ಚಿಪ್ಪಿನಿಂದ ತಾನೇ ಬಿಡಿಸಿಕೊಂಡು ಗುಂಡಗೆ ಉಂಡೆಯಾಗಿ ನಿಲ್ಲುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ.

ಆಗ ನಮ್ಮನ್ನು ಕರೆಯುತ್ತಾರೆ. ಕರಿಯಣ್ಣ ಮಟ್ಟೆ ಸುಲಿಯುವವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. ಕಾಯಿಯನ್ನು ಅಲ್ಲಾಡಿಸಿ ಆರಿಸುವುದು, ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸುವುದು ನನ್ನ ಕೆಲಸ. ಕೇಳುವುದಕ್ಕೆ ಸುಲಭ. ಹಸಿ ಕಾಯಿ ಕುಳುಕುಳು ಎನ್ನುತ್ತದೆ, ಅದನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಮೋಸ ಮಾಡುವುದು ಅರೆ ಒಣಗಿದ ಕಾಯಿ. ನೀರು ಮುಗಿದಿರುತ್ತದೆ, ಒಂದು ಕಡೆ ಕೊಬ್ಬರಿ ಬಿಟ್ಟಿರುತ್ತದೆ, ಇನ್ನೊಂದು ಕಡೆ ಚಿಪ್ಪಿಗೆ ಅಂಟಿರುತ್ತದೆ. ಅಲ್ಲಾಡಿಸಿದರೆ "ಆಯ್ತು, ಆಯ್ತು" ಎನ್ನುವ ಹಾಗೆಯೇ ಸದ್ದು ಮಾಡುತ್ತದೆ. ನಂಬಿ ಒಡೆದರೆ ಉಂಡೆ ಹರಿದು ಚೂರಾಗುತ್ತದೆ. ಒಡೆದದ್ದನ್ನು ಮತ್ತೆ ಅಟ್ಟಕ್ಕೆ ಏರಿಸುವ ಹಾಗಿಲ್ಲ. ಹೊಸಬರು ಅದರ ಮಾತಿಗೆ ಮರುಳಾಗುತ್ತಾರೆ. ನಾನು ಆಗಿರಲಿಲ್ಲ. "ಮೂಡ್ಲನ ಕಿವಿ" ಎಂದು ಹತ್ತು ಊರಿನವರು ಹೇಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿದಾಗ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಆ ವರ್ಷ ಶಿವರಾತ್ರಿ ಕಳೆದು ಚಳಿ ಹಿಂದೆ ಸರಿದ ಮೇಲೆ ಶುರುವಾಯಿತು. ಯಾಕೆ ಶುರುವಾಯಿತು ಎಂದು ಕೇಳಬೇಡಿ. ಮನೆಯಲ್ಲಿ ಸಾವು ನೋವು ಇರಲಿಲ್ಲ, ಯಾರ ಜೊತೆಗೂ ಜಗಳ ಇರಲಿಲ್ಲ, ಮಗಳು ಕಾಲೇಜಿಗೆ ನೆಟ್ಟಗೆ ಹೋಗುತ್ತಿದ್ದಳು. ಕಾರಣ ಇದ್ದಿದ್ದರೆ ಅದರ ಕುತ್ತಿಗೆ ಹಿಡಿದು ಕೇಳುತ್ತಿದ್ದೆ. ಬೆಳಗ್ಗೆ ಕಣ್ಣು ಬಿಡುವಷ್ಟರಲ್ಲಿ ಎದೆಯ ಮೇಲೆ ಯಾರೋ ಬೀಸುವ ಕಲ್ಲು ಇಟ್ಟಿರುತ್ತಿದ್ದರು. ಮುದ್ದೆ ಬಾಯಿಗಿಟ್ಟರೆ ಜೇಡಿಮಣ್ಣು. ಮಗಳು ಏನೋ ತಮಾಷೆ ಮಾಡಿದರೆ ಎಲ್ಲರೂ ನಕ್ಕ ಮೇಲೆ ನಾನು ನೆನಪು ಮಾಡಿಕೊಂಡು ನಗಬೇಕಿತ್ತು. ಸಂಜೆ ವೈನ್‌ಶಾಪಿನ ಒಂದು ಪ್ಯಾಕೆಟ್ ಹಾಕಿದರೆ ಸ್ವಲ್ಪ ಸಡಿಲವಾಗುತ್ತಿತ್ತು. ಮಾರನೆಯ ಬೆಳಗ್ಗೆ ಕಲ್ಲು ಇನ್ನಷ್ಟು ಭಾರವಾಗಿರುತ್ತಿತ್ತು.

ಎಲ್ಲಕ್ಕಿಂತ ಭಯವಾದದ್ದು ಕಿವಿಯ ವಿಷಯ. ಒಂದು ಕಾಯಿ ಅಲ್ಲಾಡಿಸಿ ಆಗಿದೆ ಎಂದುಕೊಳ್ಳುತ್ತಿದ್ದೆ. ಕೆಳಗಿಡುವಷ್ಟರಲ್ಲಿ ಅನುಮಾನ. ಮತ್ತೆ ಎತ್ತಿ ಅಲ್ಲಾಡಿಸು. ಆಗಿದೆ. ಆಗಿದೆಯಾ? ಇನ್ನೊಂದು ಸಲ. ಕರಿಯಣ್ಣನ ಮುಂದೆ ಸುಲಿಯಲು ಕಾಯಿ ಮುಗಿದು ಅವನು ಬೀಡಿ ಹಚ್ಚಿ ಕೂರುತ್ತಿದ್ದ.

"ಏನ್ಲಾ, ಕಾಯಿ ಅಲ್ಲಾಡುಸ್ತಿದ್ದೀಯೋ ಮಗಿನ ತೂಗ್ತಿದ್ದೀಯೋ?"

"ಸುಮ್ಕಿರಣ್ಣ, ನೋಡ್ತಾ ಇದೀನಿ."

"ನೋಡೋದಲ್ಲ ಕಣ್ಲಾ, ಕೇಳೋದು!"

ಅವನಿಗೆ ನಗು. ನನಗೆ ಬೆನ್ನಲ್ಲಿ ಬೆವರು. ಕಿವಿ ಹೋದರೆ ನನ್ನ ಹತ್ತಿರ ಇನ್ನೇನು ಉಳಿಯುತ್ತದೆ? ನನ್ನ ಓದು, ನನ್ನ ಮರ್ಯಾದೆ ಎಲ್ಲ ಅದೇ ಆಗಿತ್ತು.

ಗಂಗಮ್ಮನವರ ಅಟ್ಟದಲ್ಲೇ ಆದದ್ದು. ಬಿಸಿಲು ಹೆಂಚನ್ನು ಸುಡುತ್ತಿತ್ತು. ನಾನು ಒಳಗೆ ಬಗ್ಗಿ ಕೂತು ಕಾಯಿ ಎತ್ತಿದೆ. ಎದೆ ಹೊಡೆದುಕೊಳ್ಳಲು ಶುರುವಾಯಿತು. ಕಿವಿಯ ಹತ್ತಿರ ಕಾಯಿ ಹಿಡಿದರೆ ಎದೆಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಉಸಿರು ಅರ್ಧಕ್ಕೆ ನಿಂತಿತು. ಬೆರಳು ಜೋಮು ಹಿಡಿದವು. ಸತ್ತೆ ಎಂದುಕೊಂಡೆ. ಹೇಗೆ ಇಳಿದೆನೋ ಗೊತ್ತಿಲ್ಲ, ಏಣಿಯ ಬುಡದಲ್ಲಿ ಬಿದ್ದಿದ್ದೆ. ಗಂಗಮ್ಮನವರ ಸೊಸೆ ನೀರು ಚಿಮುಕಿಸುತ್ತಿದ್ದರು. ಕರಿಯಣ್ಣನ ಮುಖದಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ.

ಗುಬ್ಬಿಯಲ್ಲಿ ತೋರಿಸಿ, ಅಲ್ಲಿಂದ ತುಮಕೂರಿಗೆ ಓಡಿಸಿದರು. ಎದೆಗೆ ವೈರು ಅಂಟಿಸಿ ಪಟ್ಟಿ ತೆಗೆದರು, ರಕ್ತ ತೆಗೆದರು. ಹಾರ್ಟು ಚೆನ್ನಾಗಿದೆ, ಇದು ಗಾಬರಿಯಿಂದ ಆಗುವ ತೊಂದರೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ನನಗೆ ಸಂತೋಷವಾಗಬೇಕಿತ್ತು. ಅವಮಾನವಾಯಿತು. ಹಾರ್ಟು ಕೆಟ್ಟಿದೆ ಎಂದಿದ್ದರೆ ಊರಲ್ಲಿ ತಲೆ ಎತ್ತಿಕೊಂಡು ಓಡಾಡಬಹುದಿತ್ತಲ್ಲ!

ಕರಿಯಣ್ಣ ಗಾಳಿ ಸೋಕಿದೆ ಎಂದ. ಗಂಗಮ್ಮನವರು ನಿಂಬೆಹಣ್ಣು ನಿವಾಳಿಸಿ ಕಳಿಸಿದರು. ಎಲ್ಲ ಪ್ರೀತಿಯಿಂದಲೇ ಮಾಡಿದ್ದು. ನನ್ನ ಹೆಂಡತಿ ರತ್ನ ತುಮಕೂರಿನ ಗಾರ್ಮೆಂಟ್ಸಿಗೆ ಹೋಗುವವಳು, ಅವಳ ಲೈನಿನ ಸೂಪರ್‌ವೈಸರಮ್ಮ ಒಬ್ಬರು ಇದೇ ತೊಂದರೆಗೆ ತೋರಿಸಿಕೊಂಡು ಹುಷಾರಾಗಿದ್ದರಂತೆ. ತುಮಕೂರಲ್ಲೇ ಸದಾಶಿವನಗರದ ಕಡೆ ಒಂದು ಸಣ್ಣ ಕ್ಲಿನಿಕ್ಕು. ವಿಳಾಸ ತಂದಳು.

"ನಾನು ಬರಲ್ಲ. ನಂಗೇನ್ ತಲೆ ಕೆಟ್ಟಿಲ್ಲ."

"ಹಲ್ ನೋವು ಬಂದಾಗ ಹೋಗ್ಲಿಲ್ವಾ?"

"ಅದು ಹಲ್ಲು ಕಣೇ."

"ಹಲ್ಲೇನ್ ನಿಂಗಿಂತ ದೊಡ್ದಾ? ಏಳು, ಬಸ್ ಹೋಯ್ತದೆ."

ಆ ಕ್ಲಿನಿಕ್ಕಿನಲ್ಲಿ ನಾನು ಅಂದುಕೊಂಡಂಥದ್ದು ಏನೂ ಇರಲಿಲ್ಲ. ನಾಲ್ಕು ಕುರ್ಚಿ, ಒಂದು ಫ್ಯಾನು, ನಮ್ಮಂಥದೇ ಜನ. ಒಬ್ಬರು ಮೇಷ್ಟ್ರ ಹಾಗಿದ್ದರು, ಒಬ್ಬಳು ಮದುವೆಯಾದ ಹೊಸ ಹುಡುಗಿ. ಡಾಕ್ಟರು ನನ್ನ ವಯಸ್ಸಿನವರೇ. ನಿದ್ದೆ ಕೇಳಿದರು, ಊಟ ಕೇಳಿದರು, ಕುಡಿತ ಕೇಳಿದರು. ಆಮೇಲೆ, ಹೊಲದಲ್ಲಿ ಮಳೆ ಆಯಿತಾ ಎಂದು ಕೇಳುವಷ್ಟು ಸಲೀಸಾಗಿ, "ಬದುಕೋದೇ ಬೇಡ ಅಂತ ಯಾವಾಗ್ಲಾದ್ರೂ ಅನ್ಸಿದ್ಯಾ?" ಎಂದರು.

ಪಕ್ಕದಲ್ಲಿ ರತ್ನ ಕೂತಿದ್ದಳು. ಇಲ್ಲ ಎನ್ನಲು ಬಾಯಿ ತೆರೆದೆ. "ಅನ್ಸೈತೆ" ಎಂದು ಬಂತು.

ಡಾಕ್ಟರು ಗಾಬರಿಯಾಗಲಿಲ್ಲ, ಬೈಯಲಿಲ್ಲ, ದೇವರ ಮೇಲೆ ಭಾರ ಹಾಕು ಎನ್ನಲಿಲ್ಲ. "ಹೇಳಿದ್ದು ಬಹಳ ಒಳ್ಳೇದಾಯ್ತು" ಎಂದರು. "ಇದು ಈ ಕಾಯಿಲೆ ಆಡಿಸೋ ಮಾತು. ಕಾಯಿಲೆಗೆ ಔಷಧಿ ಇದೆ. ಇನ್ಮೇಲೆ ಹಾಗನ್ಸಿದ ತಕ್ಷಣ ಇವರಿಗೆ ಹೇಳ್ಬೇಕು, ನಂಗೆ ಫೋನ್ ಮಾಡ್ಬೇಕು. ಒಬ್ರೇ ಇರ್ಬಾರ್ದು. ಆಯ್ತಾ?"

ಒಂದು ಮಾತ್ರೆ ಬರೆದರು. ತೊಗರಿ ಕಾಳಿಗಿಂತ ಚಿಕ್ಕದು. ಮೊದಲ ಕೆಲವು ದಿನ ಹೊಟ್ಟೆ ತೊಳಸಬಹುದು, ಗುಣ ಗೊತ್ತಾಗಲು ಕೆಲವು ವಾರ ಬೇಕು, ನನ್ನನ್ನು ಕೇಳದೆ ನಿಲ್ಲಿಸಬೇಡಿ ಎಂದರು. ರಕ್ತದಲ್ಲಿ ಬಿ ಟ್ವೆಲ್ವ್ ಅನ್ನುವುದು ಬಹಳ ಕಡಿಮೆ ಇದೆಯೆಂದು ಅದಕ್ಕೂ ಬೇರೆ ಬರೆದರು. ವಾರಕ್ಕೊಮ್ಮೆ ಕೌನ್ಸೆಲಿಂಗ್ ಮೇಡಂ ಹತ್ತಿರ ಮಾತಾಡಬೇಕು, ಮಾತ್ರೆಯಷ್ಟೇ ಅದೂ ಮುಖ್ಯ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ರತ್ನ ಡಾಕ್ಟರ ಚೀಟಿಯನ್ನು ಮಡಚುವುದು, ಬಿಚ್ಚುವುದು ಮಾಡುತ್ತಿದ್ದಳು. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡು, "ಅಷ್ಟೊಂದ್ ದಿನ ಒಬ್ನೇ ಹೊತ್ಕೊಂಡಿದ್ಯಲ್ಲ, ನಂಗೊಂದ್ ತುದಿ ಕೊಡ್ಬಾರ್ದಿತ್ತಾ?" ಎಂದಳು. ಜನ ಓಡಾಡುತ್ತಿದ್ದರು. ಅವಳು ನನ್ನ ಕೈ ಹಿಡಿದುಕೊಂಡೇ ನಿಂತಳು. ನಮ್ಮ ಕಡೆ ಹಾಗೆ ಹಿಡಿಯುವುದಿಲ್ಲ.

ಕೌನ್ಸೆಲಿಂಗ್ ಮಾಡುತ್ತಿದ್ದ ಸುಮಾ ಮೇಡಂ ಹುಲಿಯೂರುದುರ್ಗದ ಕಡೆಯ ಹುಡುಗಿ. ಮೂವತ್ತು ದಾಟಿರಲಿಲ್ಲ. ಇವಳೇನು ನನಗೆ ಹೇಳುವುದು ಎಂದು ಗಡುಸಾಗಿ ಕೂತೆ. ಆಕೆ ಏನೂ ಹೇಳಲಿಲ್ಲ. ಕೇಳಿದಳು. ಬೆಳಗ್ಗೆ ಏನು ತಿಂತೀರಿ?

"ಟೀ."

"ಆಮೇಲೆ?"

"ಕೆಲಸದ ಮನೇಲಿ ಟೀ. ಬೀಡಿ. ಹೊತ್ತು ಇಳಿದ್ಮೇಲೆ ಊಟ."

"ಅಣ್ಣ, ಖಾಲಿ ಹೊಟ್ಟೆಗೆ ಅಷ್ಟು ಟೀ ಸುರ್ಕೊಂಡ್ರೆ ಅಟ್ಟದ ಮೇಲಿರೋ ಇಲಿಗೂ ಎದೆ ಹೊಡ್ಕೊಳ್ಳುತ್ತೆ!"

ನನಗೆ ತಿಳಿಯದೆಯೇ ನಗು ಬಂತು. ಎಷ್ಟೋ ವಾರಗಳ ಮೇಲೆ, ನೆನಪು ಮಾಡಿಕೊಳ್ಳದೆ ಬಂದ ನಗು.

ಆಮೇಲೆ ಮನೆಯ ನಡೆ ಬದಲಾಯಿತು. ರತ್ನ ಬೆಳಗ್ಗೆಯೇ ರಾಗಿ ರೊಟ್ಟಿ ತಟ್ಟಿ, ಸೊಪ್ಪಿನ ಪಲ್ಯ, ಬೇಯಿಸಿದ ಮೊಟ್ಟೆ ಮುಂದಿಡುತ್ತಿದ್ದಳು. ತಿನ್ನುವವರೆಗೆ ಎದುರಿಗೆ ಕೂರುತ್ತಿದ್ದಳು, ಪೊಲೀಸಿನ ಹಾಗೆ. ಟೀ ದಿನಕ್ಕೆ ಎರಡೇ. ಪ್ಯಾಕೆಟ್ಟು ಬಂದ್. ಅದನ್ನು ಬಿಡುವುದು ಹೇಳಿದಷ್ಟು ಸುಲಭವಿರಲಿಲ್ಲ, ಡಾಕ್ಟರ ಸಹಾಯ ಬೇಕಾಯಿತು. ಬೆಳಗ್ಗೆ ಬಿಸಿಲು ಮೈಗೆ ಬೀಳುವ ಹಾಗೆ ಕೆರೆ ಏರಿಯ ತನಕ ನಡೆದು ಬರಬೇಕು. ದಿನವೆಲ್ಲ ಮೈ ಮುರಿದು ದುಡಿಯುವವನಿಗೆ ವಾಕಿಂಗ್ ಹೇಳುತ್ತಾರಲ್ಲ ಎಂದು ರೇಗಿಹೋಯಿತು. ಆಮೇಲೆ ಗೊತ್ತಾಯಿತು, ನಾನು ಇಷ್ಟು ವರ್ಷ ಕೆಲಸಕ್ಕಲ್ಲದೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ ಎಂದು.

ಕಾಯಿಯ ವಿಷಯಕ್ಕೆ ಸುಮಾ ಮೇಡಂ ಕೊಟ್ಟ ಪಾಠವೇ ಬೇರೆ. "ಒಂದೇ ಸಲ ಅಲ್ಲಾಡ್ಸಿ. ಮನಸ್ಸಿಗೆ ಬಂದಿದ್ದನ್ನ ನಂಬಿ ಕೆಳಗಿಡಿ. ಮತ್ತೆ ಮುಟ್ಟಂಗಿಲ್ಲ."

"ತಪ್ಪಾದ್ರೆ?"

"ಆಗ್ಲಿ."

"ಆಗ್ಲಿ ಅಂದ್ರೆ ಹೆಂಗ್ ಮೇಡಂ? ನನ್ನ ಕೈಲಿ ತಪ್ಪಾಗ್ಬಾರ್ದು."

"ಯಾಕಾಗ್ಬಾರ್ದು ಅಣ್ಣ?"

ಈ ಪ್ರಶ್ನೆಗೆ ಉತ್ತರವನ್ನು ಬಸ್ಸಿನಲ್ಲಿ ಗುಬ್ಬಿಯ ತನಕ ಹುಡುಕಿದೆ, ಸಿಗಲಿಲ್ಲ.

ಇನ್ನೊಂದು ಪಾಠ ಏಣಿಯದು. ಆ ದಿನದ ಮೇಲೆ ಗಂಗಮ್ಮನವರ ಬೀದಿಗೇ ನಾನು ಕಾಲಿಟ್ಟಿರಲಿಲ್ಲ. "ಮೊದಲು ಏಣಿ ಬುಡದಲ್ಲಿ ನಿಂತು ಬನ್ನಿ, ಹತ್ತೋದು ಬೇಡ" ಎಂದರು ಮೇಡಂ. ಎದೆ ಹೊಡೆದುಕೊಂಡರೆ ಓಡಬಾರದು. ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಡುತ್ತಾ ನಿಲ್ಲಬೇಕು. ಗಾಬರಿ ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ತಾನೇ ಇಳಿಯುತ್ತದೆ. ಓಡಿದರೆ ಅದು ಇಳಿಯುವುದನ್ನು ನೋಡುವುದೇ ಇಲ್ಲ.

ಹೋಗಿ ನಿಂತೆ. ಗಂಗಮ್ಮನವರು ಅಕ್ಕಿ ಆರಿಸುತ್ತಾ, "ಏನಪ್ಪ ಮೂಡ್ಲಪ್ಪ, ನಮ್ಮನೆ ಏಣಿಗೆ ಕಾವ್ಲು ಹಾಕವ್ರಾ?" ಎಂದರು. ಎರಡನೇ ಸಲ ಹೋದಾಗ ಏನನ್ನೂ ಕೇಳದೆ ಒಂದು ಲೋಟ ಮಜ್ಜಿಗೆ ತಂದಿಟ್ಟರು. ಆಮೇಲೆ ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಅರ್ಧ ಏಣಿಯ ತನಕ ಬಂದೆ.

ಆಷಾಢ ಬಂತು. ಗುಣ ಎನ್ನುವುದು ಡೋಲು ಬಾರಿಸಿಕೊಂಡು ಬರುತ್ತದೆ ಎಂದು ಕಾಯುತ್ತಿದ್ದೆ. ಬಂದದ್ದು ಹೀಗೆ: ಒಂದು ಬೆಳಗ್ಗೆ ಏರಿಯ ಮೇಲೆ ನಡೆಯುತ್ತಿದ್ದೆ. ಆಷಾಢದ ಗಾಳಿ ತೆಂಗಿನ ಗರಿಗಳನ್ನು ಒಂದೇ ಸಮ ಬಾಚುತ್ತಿತ್ತು. ಕೆರೆಯ ನೀರು ಸಣ್ಣಗೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ನಿಂತೆ. ಬಹಳ ಹೊತ್ತಿನಿಂದ ನಾನು ಆ ಗರಿಗಳ ಸದ್ದನ್ನು ಕೇಳುತ್ತಾ ಬಂದಿದ್ದೇನೆ ಎಂದು ಆಗ ಗೊತ್ತಾಯಿತು. ಎದೆ ಮುಟ್ಟಿ ನೋಡಿಕೊಂಡೆ. ಕಲ್ಲು ಇರಲಿಲ್ಲ. ಯಾರು ಎತ್ತಿದರು? ಯಾವಾಗ ಎತ್ತಿದರು? ತೊಗರಿ ಕಾಳಿಗಿಂತ ಚಿಕ್ಕ ಮಾತ್ರೆಯೊಂದು ನನ್ನೊಳಗಿನ ಯಾವ ಕತ್ತಲೆಗೆ ಹೋಗಿ, ಯಾವ ಬಾಗಿಲು ತಟ್ಟಿತು? ಏರಿಯ ಮೇಲೆ ನಿಂತು ಕೈ ಮುಗಿದೆ. ಯಾರಿಗೆ ಎಂದು ಗೊತ್ತಾಗಲಿಲ್ಲ. ಗಾಳಿಗೆ, ಗರಿಗೆ, ಬೆಳಗ್ಗೆ ತಿಂದ ರೊಟ್ಟಿಗೆ, ಎಲ್ಲಕ್ಕೂ ಇರಲಿ ಎಂದುಕೊಂಡೆ. ಮನೆಗೆ ಬಂದು ರತ್ನ ಬಡಿಸಿದ ಉಪ್ಸಾರಿನ ಖಾರ ನಾಲಿಗೆಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿಯಾಯಿತಾ ಎಂದಳು. ಇಲ್ಲ, ಸರಿಯಾಗಿದೆ ಎಂದೆ. ಎಲ್ಲವೂ ಅಷ್ಟು ಸರಿಯಾಗಿತ್ತು.

ಸರಿಯಾದ ಮೇಲೆ ಮಾತ್ರೆ ಯಾಕೆ? ಶ್ರಾವಣ ಹುಟ್ಟುವಷ್ಟರಲ್ಲಿ ನನ್ನ ತಲೆಯಲ್ಲಿ ಇದೇ ಲೆಕ್ಕಾಚಾರ. ದುಡಿದು ತಿನ್ನುವ ಗಂಡಸು, ಎಷ್ಟು ದಿನ ಮಾತ್ರೆಯ ಕೋಲು ಹಿಡಿದು ನಡೆಯುವುದು? ಯಾರಿಗೂ ಹೇಳದೆ ನಿಲ್ಲಿಸಿದೆ. ಕೆಲಸ ಜಾಸ್ತಿ ಎಂದು ಸುಮಾ ಮೇಡಂ ಹತ್ತಿರವೂ ಹೋಗಲಿಲ್ಲ. ಒಂದೆರಡು ದಿನಕ್ಕೆ ತಲೆಯೊಳಗೆ ಸಣ್ಣಗೆ ಕರೆಂಟು ಹೊಡೆದ ಹಾಗಾಯಿತು, ತಿರುಗಿ ನೋಡಿದರೆ ತಲೆ ಸುತ್ತು. ಅದೂ ನಿಂತಿತು. ನೋಡಿದಿರಾ, ನಾನೇ ಗೆದ್ದೆ ಎಂದುಕೊಂಡೆ. ಬೆಳಗಿನ ನಡಿಗೆ ಬಿಟ್ಟೆ. ಟೀ ಮತ್ತೆ ಏರಿತು.

ದೀಪಾವಳಿಯ ಹೊತ್ತಿಗೆ ಕಲ್ಲು ವಾಪಸು ಬಂದಿತ್ತು. ಈ ಸಲ ಅದರ ಮೇಲೆ ಇನ್ನೊಂದು ಕಲ್ಲು.

ರತ್ನನ ತವರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ರಾಗಿ ಕೊಯ್ಲಿಗೆಂದು ಪ್ರತಿ ವರ್ಷ ಹೋಗುವ ಪದ್ಧತಿ. ಹೋದೆವು. ಮಂಜು ಇನ್ನೂ ಆರಿರಲಿಲ್ಲ, ತೆನೆಗಳು ತಲೆ ಬಗ್ಗಿಸಿ ನಿಂತಿದ್ದವು. ಎಲ್ಲರೂ ಸಾಲು ಹಿಡಿದು ಕೊಯ್ಯುತ್ತಾ ಮುಂದೆ ಹೋದರು. ನಾನು ಕುಡುಗೋಲು ಹಿಡಿದು ಬದುವಿನ ಮೇಲೆ ಕೂತವನು ಏಳಲಿಲ್ಲ. ಏಳಲಾಗಲಿಲ್ಲ.

"ಏನ್ ಭಾವ, ಕೊಬ್ರಿ ಸಾವ್ಕಾರ್ರಿಗೆ ರಾಗಿ ಕಾಣಾಕಿಲ್ವಾ?" ಎಂದು ರತ್ನನ ತಮ್ಮ ನಂಜುಂಡ ಕೂಗಿದ. ಎಲ್ಲರೂ ನಕ್ಕರು. ರತ್ನ ನಗಲಿಲ್ಲ. ಕೈಯಲ್ಲಿದ್ದ ಹಿಡಿ ಕೆಳಗಿಟ್ಟು ಬಂದು ಪಕ್ಕದಲ್ಲಿ ಕೂತಳು.

"ಮಾತ್ರೆ ತಗೋತಿದ್ದೀಯಾ?"

ಸುಳ್ಳು ಹೇಳಲು ಶಕ್ತಿ ಬೇಕು. ಅದೂ ಇರಲಿಲ್ಲ. "ಶ್ರಾವಣದಾಗೆ ಬುಟ್ಬುಟ್ಟೆ. ವಾಸಿ ಆಗಿತ್ತಲ್ಲ."

ಬೈಯುತ್ತಾಳೆ ಎಂದುಕೊಂಡೆ. ಅವಳು ದೂರದಲ್ಲಿ ಕೊಯ್ಯುತ್ತಿದ್ದವರನ್ನೇ ನೋಡುತ್ತಾ, "ಅರೆ ಒಣಗಿದ್ ಕಾಯಿ ಸದ್ದು ಕೇಳಿ ಒಡೆಯೋರ್ನ ಏನಂತಿದ್ದೆ ನೀನು?" ಎಂದಳು.

ನಾನು ಕುಡುಗೋಲಿನ ಹಿಡಿ ತಿರುವುತ್ತಾ ಕೂತೆ.

"ಹೇಳು. ಹತ್ತೂರಿಗೆ ಹೇಳ್ತಿದ್ಯಲ್ಲ."

"ದಡ್ಡರು ಅಂತಿದ್ದೆ."

"ಹ್ಞೂಂ" ಎಂದಳು. ಅಷ್ಟೇ. ನನ್ನ ಕೈಯಿಂದ ಕುಡುಗೋಲು ತೆಗೆದುಕೊಂಡು, "ಅದು ಹೋಗ್ಲಿ, ಆವತ್ತು ಡಾಕ್ಟ್ರಿಗೆ ಹೇಳಿದ್ಯಲ್ಲ, ಆ ಯೋಚ್ನೆ? ಮತ್ತೆ ಬಂದೈತಾ?" ಎಂದಳು.

"ಬಂದೈತೆ" ಎಂದೆ. ಡಾಕ್ಟರ ಮುಂದೆ ಬಾಯಿ ತಪ್ಪಿ ಬಂದ ಮಾತು, ಈ ಸಲ ನಾನೇ ಅವಳ ಕೈಗೆ ಕೊಟ್ಟೆ.

ಬದುವಿನ ಮೇಲೆ ಕೂತೇ ಕ್ಲಿನಿಕ್ಕಿಗೆ ಫೋನು ಮಾಡಿದಳು. ರಾಗಿ ಅಲ್ಲೇ ಬಿಟ್ಟು, ನಂಜುಂಡನ ಬೈಕಿನಲ್ಲಿ ಮೂವರೂ ಕುಣಿಗಲ್ಲಿಗೆ, ಅಲ್ಲಿಂದ ತುಮಕೂರಿನ ಬಸ್ಸು. ಬಸ್ಸು ಹತ್ತಿಸುವಾಗ ನಂಜುಂಡ ತನ್ನ ಮಫ್ಲರ್ ತೆಗೆದು ನನ್ನ ಕುತ್ತಿಗೆಗೆ ಸುತ್ತಿದ. ಆ ಮಫ್ಲರ್ ನಾನು ಇನ್ನೂ ವಾಪಸು ಕೊಟ್ಟಿಲ್ಲ.

ಡಾಕ್ಟರು ಸಿಟ್ಟಾಗಲಿಲ್ಲ. "ಬಹಳ ಜನ ಎಡವೋದು ಇಲ್ಲೇ" ಎಂದರು. "ಚೆನ್ನಾಗಾದ್ಮೇಲೂ ಇನ್ನೂ ಸುಮಾರು ತಿಂಗಳು ಮಾತ್ರೆ ನಡೀಬೇಕು. ಬಿಡೋ ಕಾಲ ಬಂದಾಗ ನಾನೇ ಹೇಳ್ತೀನಿ, ಸ್ವಲ್ಪ ಸ್ವಲ್ಪವಾಗಿ ಇಳಿಸೋಣ." ಸುಮಾ ಮೇಡಂ ನನ್ನನ್ನು ನೋಡಿ, "ಬನ್ನಿ ಅಣ್ಣ, ಏಣಿ ಅಲ್ಲೇ ಇದೆ" ಎಂದರು.

ಮತ್ತೆ ಮೊದಲಿನಿಂದ. ಮತ್ತೆ ಹೊಟ್ಟೆ ತೊಳಸುವ ವಾರ, ಮತ್ತೆ ಏನೂ ಗೊತ್ತಾಗದ ವಾರಗಳು. ಆದರೆ ಈ ಸಲ ಕಾಯುವುದು ನನಗೆ ಬೇರೆ ಥರ ಕಂಡಿತು. ವರ್ಷಗಟ್ಟಲೆ ಕಾಯಿ ಕಾಯುವುದನ್ನು ನೋಡಿದ್ದೇನೆ. ಅದು ದಿನಾ ತನ್ನನ್ನು ತಾನು ಅಲ್ಲಾಡಿಸಿ ನೋಡಿಕೊಳ್ಳುವುದಿಲ್ಲ. ರೊಟ್ಟಿ ತಿಂದೆ, ನಡೆದೆ, ಹೊತ್ತಿಗೆ ಸರಿಯಾಗಿ ಮಲಗಿದೆ, ವಾರಕ್ಕೊಮ್ಮೆ ಬಸ್ಸು ಹತ್ತಿದೆ. ಕೆಟ್ಟ ಯೋಚನೆ ಬಂದ ದಿನ ರತ್ನನಿಗೆ ಹೇಳಿದೆ. ಹೇಳಿದ ತಕ್ಷಣ ಅದರ ಅರ್ಧ ವಿಷ ಇಳಿಯುತ್ತಿತ್ತು. ಇದೊಂದು ವಿಚಿತ್ರ. ಹುಷಾರು ಯಾವ ದಿನ ಬಂತು ಎಂದು ಈ ಸಲ ಗುರುತೂ ಇಟ್ಟುಕೊಳ್ಳಲಿಲ್ಲ.

ಮುಂದಿನ ಶಿವರಾತ್ರಿ ಕಳೆದು ಗಂಗಮ್ಮನವರ ಅಟ್ಟದ ಕಾಯಿ ಇಳಿಸುವ ಕಾಲ ಬಂತು. ನಾನು ಸತ್ತೆ ಎಂದುಕೊಂಡ ದಿನದ ಆಸುಪಾಸಿನಲ್ಲಿ ಅಟ್ಟಕ್ಕೆ ಏರಿಸಿದ್ದ ಕಾಯಿಗಳೇ ಅವು. ಏಣಿಗೆ ಕೈ ಹಾಕಿದೆ. ಕರಿಯಣ್ಣ ಏಣಿಯ ಬುಡ ಒತ್ತಿ ಹಿಡಿದು ನಿಂತ. ಗಟ್ಟಿ ಏಣಿ ಅದು, ಯಾರೂ ಹಿಡಿಯಬೇಕಾದ್ದಿಲ್ಲ.

ಒಳಗೆ ಬಗ್ಗಿ ಕೂತೆ. ಅದೇ ಕತ್ತಲು, ಅದೇ ಹೊಗೆ. ಬಂತು. ಎದೆ ಹೊಡೆದುಕೊಂಡಿತು, ಬೆರಳು ಜೋಮು ಹಿಡಿದವು, ಕಾಲು ಏಣಿಯ ಕಡೆ ಎಳೆಯಿತು. ಕೂತೆ. ಉಸಿರನ್ನು ಉದ್ದಕ್ಕೆ ಬಿಟ್ಟೆ. ಏರಿತು. ಇನ್ನೂ ಏರಿತು. ಇದಕ್ಕೆ ತುದಿಯೇ ಇಲ್ಲ ಎನ್ನಿಸುವ ಹೊತ್ತಿಗೆ ಒಂದು ಕಡೆ ನಿಂತಿತು. ಆಮೇಲೆ, ಕಣ್ಣಾರೆ ನೋಡಿದ ಹಾಗೆ ಹೇಳುತ್ತೇನೆ, ಇಳಿಯತೊಡಗಿತು. ಕೆರೆಯ ತೂಬು ಎತ್ತಿದ ಮೇಲೆ ನೀರು ಇಳಿದು ಮೆಟ್ಟಿಲು ಒಂದೊಂದಾಗಿ ಕಾಣುವ ಹಾಗೆ, ಮೊದಲು ಹೆಂಚಿನ ಸಂದಿಯ ಬೆಳಕು ಕಂಡಿತು, ಆಮೇಲೆ ಬೆಳಕಿನಲ್ಲಿ ತೇಲುವ ಧೂಳು, ಆಮೇಲೆ ನನ್ನ ಸುತ್ತ ರಾಶಿ ರಾಶಿ ಕೂತಿದ್ದ ಕಾಯಿಗಳು. ಇಷ್ಟು ದಿನ ನಾನು ಹೆದರಿ ಓಡಿದ್ದು ಇದಕ್ಕಾ? ಇದು ತಾನಾಗಿ ಇಳಿಯುತ್ತದಾ? ಮನುಷ್ಯನೊಳಗೆ ಇಂಥದೊಂದು ಕೆರೆ, ಇಂಥದೊಂದು ತೂಬು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಒಂದು ಕಾಯಿ ಎತ್ತಿದೆ. ಕಿವಿಯ ಹತ್ತಿರ ಒಂದೇ ಸಲ. ಲೊಡಲೊಡ. ಕೆಳಗೆ ಬಿಟ್ಟೆ. ಇನ್ನೊಂದು. ಮತ್ತೊಂದು. ಒಂದೊಂದರ ಸದ್ದೂ ಹೊಸದಾಗಿ ಕೇಳುತ್ತಿತ್ತು.

ಹೊತ್ತು ಇಳಿಯುವಾಗ ಅಂಗಳದಲ್ಲಿ ಚಿಪ್ಪು ಬಿಡಿಸುತ್ತಾ ಕೂತಿದ್ದೆ. ಉಂಡೆಗಳು ಒಂದರ ಹಿಂದೆ ಒಂದು ಇಡಿಯಾಗಿ ಬಂದವು. ಒಂದು ಮಾತ್ರ ಬರಲಿಲ್ಲ. ಚಿಪ್ಪಿಗೆ ಅಂಟಿಕೊಂಡು ಹರಿಯಿತು. ಒಳಗೆ ಇನ್ನೂ ಹಸಿ. ಅರೆ ಒಣಗಿದ್ದು. ನನ್ನ ಕಿವಿ ಆರಿಸಿ ಕೊಟ್ಟಿದ್ದು.

ಕೈ ನಿಂತಿತು. ಕರಿಯಣ್ಣ ಕತ್ತು ಉದ್ದ ಮಾಡಿ ನೋಡಿದ.

"ಓಹೋಹೋ! ಗಂಗಕ್ಕ, ಬಾರವ್ವ ಇಲ್ಲಿ! ಮೂಡ್ಲನ ಕಿವಿಗೂ ತಪ್ಪಾಯ್ತು ಕಣವ್ವ!"

ನನ್ನ ಎದೆಯೊಳಗೆ ಏನೋ ಕುಸಿಯುತ್ತದೆ ಎಂದು ಕಾದೆ. ಕುಸಿಯಲಿಲ್ಲ. ಅಂಗಳದ ಮೇಲೆ ಬಿಸಿಲು ಹಾಗೇ ಇತ್ತು. ಯಾಕಾಗಬಾರದು ಅಣ್ಣ ಎಂದು ಮೇಡಂ ಕೇಳಿದ್ದು ನೆನಪಾಯಿತು. ಉತ್ತರ ನನ್ನ ಕೈಯಲ್ಲೇ ಇತ್ತು, ಹರಿದ ಚೂರುಗಳಾಗಿ. ಆಗಬಹುದಿತ್ತು. ಯಾವಾಗಲೂ ಆಗಬಹುದಿತ್ತು.

ಗಂಗಮ್ಮನವರು ಬಂದು ನೋಡಿದರು. ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ಜಜ್ಜಿ, "ಒಳ್ಳೇದೇ ಆಯ್ತು ಬುಡು. ಇಂಥದ್ ಬಾಯಿಗಿಟ್ಟು ಎಷ್ಟ್ ವರ್ಷ ಆಗಿತ್ತು. ನಿನ್ ಕೈಲಿ ತಪ್ಪೇ ಆಗ್ತಿರ್ಲಿಲ್ವಲ್ಲ" ಎಂದರು. ಒಣಗದ, ಹಸಿಯೂ ಅಲ್ಲದ ಆ ಕೊಬ್ಬರಿಯನ್ನು ಬೆಲ್ಲದ ಜೊತೆ ಎಲ್ಲರೂ ತಿಂದೆವು. ಮೆತ್ತಗೆ, ಸಿಹಿ. ಇಷ್ಟು ವರ್ಷ ಕೊಬ್ಬರಿ ಕೆಲಸ ಮಾಡಿದ ನಾನು ಆ ರುಚಿಯನ್ನು ನೋಡಿಯೇ ಇರಲಿಲ್ಲ. ಒಂದು ಚೂರನ್ನು ಎಲೆಯಲ್ಲಿ ಸುತ್ತಿ ರತ್ನನಿಗೆ ತೆಗೆದುಕೊಂಡು ಹೋದೆ. ಬಾಯಿಗೆ ಹಾಕಿಕೊಂಡು, ಇದು ಯಾರು ಒಡೆದದ್ದು ಎಂದಳು. ನಾನೇ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ಬಹಳ ಹೊತ್ತು ನಕ್ಕಳು.

ಅದಾಗಿ ಕೆಲವು ವರ್ಷವಾಯಿತು. ಡಾಕ್ಟರು ಹೇಳಿದ ಹಾಗೆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದೆವು. ಈಗ ಅರ್ಧ ತೆಗೆದುಕೊಳ್ಳುತ್ತೇನೆ. ಪೂರ್ತಿ ಬಿಡುವ ದಿನ ಬಂದರೆ ಬರಲಿ, ಬರದಿದ್ದರೆ ರೊಟ್ಟಿಯ ಜೊತೆ ಅದೂ ಇರಲಿ. ಕಲ್ಲು ಆಗಾಗ ಬಂದು ಬಾಗಿಲಲ್ಲಿ ಕೂರುತ್ತದೆ. ಮುಖ ಪರಿಚಯ ಆಗಿದೆ. ಬಂದಾಗ ರತ್ನನಿಗೆ ಹೇಳುತ್ತೇನೆ, ಸದಾಶಿವನಗರಕ್ಕೆ ಫೋನು ಮಾಡುತ್ತೇನೆ.

ಹೋದ ವಾರ ಅಟ್ಟದಲ್ಲಿ ನಿಂತಾಗ ಹೆಂಚಿನ ಸಂದಿಯಿಂದ ಅದೇ ಬೆಳಕು ಬೀಳುತ್ತಿತ್ತು. ಹೊಸ ಕಾಯಿ ಒಂದು ಕಡೆ, ಒಣಗಿದ್ದು ಇನ್ನೊಂದು ಕಡೆ. ಹೊಸದರಲ್ಲೊಂದನ್ನು ಸುಮ್ಮನೆ ಎತ್ತಿ ಕಿವಿಗೆ ಹಿಡಿದೆ. ಕುಳುಕುಳು ಎಂದಿತು. ನಿಧಾನ ಆಗಲಿ ಎಂದು ಹೇಳಿ, ಇದ್ದ ಜಾಗದಲ್ಲೇ ಇಟ್ಟೆ.

"ಲೇ ಮೂಡ್ಲಾ!" ಕೆಳಗಿನಿಂದ ಮತ್ತೆ ಕರಿಯಣ್ಣ. ಈಗಲೂ ನಾನು ಈ ಅಟ್ಟ ಹತ್ತಿದರೆ ಅವನು ಬೀಡಿ ಹಚ್ಚುವುದಿಲ್ಲ, ಏಣಿ ಬಿಟ್ಟು ಕದಲುವುದಿಲ್ಲ. "ಇದೀಯೇನ್ಲಾ?"

"ಇದೀನಿ ಕಣಣ್ಣೋ" ಎಂದೆ. "ಹಿಡ್ಕೋ."

ಒಣಗಿದ ರಾಶಿಯಿಂದ ಒಂದನ್ನು ಎತ್ತಿ, ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿ, ಬೆಳಕಿಗೆ ಬಿಟ್ಟೆ.